ಬಿಟ್ಟುಕೊಟ್ಟ ಆಣೆ

ಈ ಕತೆಯನ್ನು ನನಗೆ ಮೊದಲು ಹೇಳಿದವಳು ನೌಫಾ. ಮೂತಾ ಊರಿನ ಅಂಚಿನ ಮನೆಯವಳು. ಕತೆಯಲ್ಲಿ ಬರುವ ಧಿಯಾಬನ ಕಿರಿಯ ಸೊಸೆ. ೧೯೭೪ರ ಶರತ್ಕಾಲದಲ್ಲಿ, ಆಲಿವ್ ಕೊಯ್ಲು ಮುಗಿದ ವಾರ, ಇಳಿಹೊತ್ತಿನ ಅಸರ್ ನಮಾಜಿನ ನಂತರ ನೆರೆಯ ಹೆಂಗಸರು ಅವಳ ಅಂಗಳದಲ್ಲಿ ಮೊರ ಹಿಡಿದು ಚನ್ನಂಗಿ ಬೇಳೆ ಆರಿಸುತ್ತಿದ್ದಾಗ ಹೇಳಿದ್ದು. ಪಕ್ಕದ ಮಜಾರ್ ಊರಿನಲ್ಲಿ ಇದೇ ಕತೆಯನ್ನು ಇನ್ನಿಬ್ಬರಿಂದ ಕೇಳಿದ್ದೇನೆ. ಅವರ ಪಾಠದಲ್ಲಿ ಕಾಣೆಯಾದದ್ದು ಕುಟ್ಟಾಣಿಯಲ್ಲ, ಒಂಟೆಯ ಜೀನು. ಆಣೆ ಬಿಟ್ಟುಕೊಟ್ಟಲ್ಲಿಗೇ ಕತೆ ಮುಗಿದು ಧಿಯಾಬ್ ದೊಡ್ಡ ಮನುಷ್ಯನಾಗಿಯೇ ಉಳಿಯುತ್ತಾನೆ. ನೌಫಾಳ ಪಾಠ ಅವಳ ಸ್ವಂತ ಮನೆತನಕ್ಕೆ ಕುಂದು ತರುವಂಥದ್ದು. ಆ ಕಾರಣಕ್ಕಾಗಿಯೇ ಅದನ್ನು ಹೆಚ್ಚು ನಂಬಿ ಇಲ್ಲಿ ಇಟ್ಟಿದ್ದೇನೆ.

ಕರಕ್ ಸೀಮೆಗೆ ಇನ್ನೂ ಡಾಂಬರು ರಸ್ತೆ ಬಂದಿರದ ಕಾಲ. ಚಳಿ ಕಳೆದು ಹುಲ್ಲು ಚಿಗುರುತ್ತಿದ್ದಂತೆ ಜನ ಕುರಿಮಂದೆಗಳನ್ನು ಹೊಡೆದುಕೊಂಡು ಪೂರ್ವದ ಬಯಲಿಗೆ ಹೋಗುತ್ತಿದ್ದರು. ಹೊತ್ತುಕೊಂಡು ಹೋಗಲಾಗದ ನೇಗಿಲು, ಕಡಾಯಿ, ಹಾಸುಗಂಬಳಿಗಳನ್ನು ಮಜಾರಿನಲ್ಲಿ ಜಾಫರ್ ಒಡೆಯರ ಗೋರಿಯ ಪಕ್ಕದ ಕೋಣೆಯಲ್ಲಿ ಇಟ್ಟು ಹೋಗುವುದು ರೂಢಿ. ಆ ಕೋಣೆಗೆ ಬೀಗವಿರಲಿಲ್ಲ. ಪ್ರವಾದಿಯವರ ಕಾಲದಲ್ಲಿ ಮೂತಾ ಬಯಲಿನಲ್ಲಿ ನಡೆದ ಯುದ್ಧದಲ್ಲಿ ಎರಡೂ ಕೈ ಕಡಿದುಹೋದ ಮೇಲೂ ಬಾವುಟವನ್ನು ಎದೆಗೆ ಅವಚಿಕೊಂಡು ನಿಂತವರ ಕಾವಲಿರುವಾಗ ಬೀಗ ಏತಕ್ಕೆ ಎನ್ನುತ್ತಿದ್ದರು. ಅಲ್ಲಿಂದ ಒಂದು ಸೂಜಿ ಕಳೆದುಹೋದದ್ದನ್ನೂ ಯಾರೂ ಕೇಳಿರಲಿಲ್ಲ.

ಆ ವರ್ಷ ಸುಗ್ಗಿಗೆ ಮರಳಿ ಬಂದ ಧಿಯಾಬ್ ತನ್ನ ಗಂಟನ್ನು ಬಿಚ್ಚಿ ನೋಡಿದರೆ ಹಿತ್ತಾಳೆಯ ಕುಟ್ಟಾಣಿ ಇರಲಿಲ್ಲ. ಅದು ಅವನ ಅಜ್ಜನ ಕಾಲದ್ದು. ಕಾಫಿ ಬೀಜ ಕುಟ್ಟುವಾಗ ಅದರ ಸದ್ದು ಕಣಿವೆಯ ಆಚೆಗೂ ಕೇಳುತ್ತಿತ್ತು; ದಾರಿಹೋಕರು ಆ ಸದ್ದಿನ ಜಾಡು ಹಿಡಿದೇ ಅವನ ಮನೆಗೆ ಬರುತ್ತಿದ್ದರು. ಅತಿಥಿಗಳಿಲ್ಲದೆ ಅವನಿಗೆ ಊಟ ಇಳಿಯುತ್ತಿರಲಿಲ್ಲ. ಗಂಟಿನ ಕಟ್ಟು ತಾನು ಹಾಕಿದಂಥದ್ದಲ್ಲ, ಯಾರೋ ಬಿಚ್ಚಿ ಮತ್ತೆ ಕಟ್ಟಿದ್ದಾರೆ ಎಂಬುದೂ ಅವನಿಗೆ ತಿಳಿಯಿತು. ತನಗಿಂತ ಮುಂಚೆ ಬಂದು ಕೋಣೆ ಹೊಕ್ಕವರು ಯಾರೆಂದು ವಿಚಾರಿಸಿದ. ನೇಗಿಲಿನ ಗುಳವನ್ನು ಹದ ಮಾಡಿಸಲು ಒಯ್ಯಲೆಂದು ಖುಲೈಫ್ ಒಬ್ಬನೇ ಬಂದಿದ್ದ ಎಂದರು.

ಖುಲೈಫ್ ಸಣ್ಣ ಬಳಗದವನು. ನಾಲ್ಕು ಗುಡಾರ, ಒಂದಿಷ್ಟು ಆಡು, ಮಾತು ಕಡಿಮೆ. ಧಿಯಾಬ್ ನೇರವಾಗಿ ಕಳ್ಳ ಎನ್ನಲಿಲ್ಲ. ಹತ್ತು ಜನರಿದ್ದ ಕಡೆ, "ಜಾಫರ್ ಒಡೆಯರಿಗೆ ಕೈ ಇಲ್ಲ ಅಂತ ಕೆಲವರು ಧೈರ್ಯ ಮಾಡಿರಬೇಕು," ಎಂದ. ಅಷ್ಟು ಸಾಕಾಯಿತು. ಖುಲೈಫನ ಮಗಳನ್ನು ಕೇಳಿ ಬಂದಿದ್ದವರು ಸುಗ್ಗಿ ಕಳೆಯಲಿ ನೋಡೋಣ ಎಂದು ಹಿಂದಕ್ಕೆ ಹೋದರು. ಖುಲೈಫನೇ ನ್ಯಾಯ ಹೇಳುವ ಮುದುಕ ಮುಫ್ಲಿಹನ ಬಳಿಗೆ ನಡೆದು, "ನಂಗೆ ಆಣೆ ಕೊಡಿಸಿ," ಎಂದು ಕೇಳಿದ.

ಧಿಯಾಬ್ ಆಣೆ ಬೇಡಿದ, ದಿನ ಗೊತ್ತಾಯಿತು. ಆ ಸೀಮೆಯಲ್ಲಿ ದೊಡ್ಡ ಆಣೆ ಹಾಕುವುದು ಯುದ್ಧ ನಡೆದ ಬಯಲಿನಲ್ಲೇ, ಮುರಿದ ಕಮಾನಿನ ಬಳಿ. ನ್ಯಾಯ ಹೇಳುವವನು ಕತ್ತಿಯ ತುದಿಯಿಂದ ನೆಲದ ಮೇಲೆ ದುಂಡಗೆ ಗೆರೆ ಎಳೆಯುತ್ತಾನೆ. ಆರೋಪ ಹೊತ್ತವನು ಅದರೊಳಗೆ ನಿಂತು ದೇವರ ಹೆಸರಿನಲ್ಲಿ ನುಡಿಯುತ್ತಾನೆ. ಬಳಗದ ಐವರು ಅವನ ಮಾತಿಗೆ ಮಾತು ಕೂಡಿಸುತ್ತಾರೆ. ವಸ್ತು ಕಳೆದುಕೊಂಡು ಆಣೆ ಬೇಡಿದವನು "ಹೊರಗೆ ಬಾ" ಎಂದರೆ ಮಾತ್ರ ಅವನು ಗೆರೆ ದಾಟಬಹುದು. ದಾಟಿ ಬಂದವನ ಮೇಲೆ ಆಮೇಲೆ ಯಾರೂ ಬೆರಳು ತೋರಿಸುವಂತಿಲ್ಲ.

ಆಣೆಯ ದಿನ ಮುಂಜಾನೆ ಬಂದ ನೆಂಟರ ಕುದುರೆಗಳಿಗೆ ಜವೆಗೋಧಿ ಸಾಲದಾಯಿತು. ಕಾಳು ತುಂಬಿಡುವ ನೆಲಗುಂಡಿ, ಹಳೆಯ ಹಗೇವನ್ನು ತೆರೆಯಲು ಧಿಯಾಬನೇ ಹೋದ. ಕಲ್ಲು ಸರಿಸಿ, ಒಳಗಿನ ಕಾವು ಆರಲು ಬಿಟ್ಟು, ಬಗ್ಗಿ ಕಾಳಿನೊಳಗೆ ಕೈ ಹಾಕಿದಾಗ ಬಟ್ಟೆ ಸಿಕ್ಕಿತು. ಎಳೆದ. ಕಪ್ಪು ತಲೆವಸ್ತ್ರದಲ್ಲಿ ಸುತ್ತಿದ ಕುಟ್ಟಾಣಿ, ಅದರೊಳಗೆ ಕುಟ್ಟುಗೋಲು.

ಹೆಂಡತಿ ಫಿದ್ದಾ ಚೀಲ ಹಿಡಿದು ಹಿಂದೆಯೇ ನಿಂತಿದ್ದಳು.

"ಅತ್ತೆ ತಲೆವಸ್ತ್ರ ಇದು," ಎಂದಳು.

ಇಬ್ಬರಿಗೂ ಒಮ್ಮೆಗೇ ಅರ್ಥವಾಯಿತು. ಪೂರ್ವಕ್ಕೆ ಹೊರಡುವ ಮುನ್ನ ಧಿಯಾಬನ ತಮ್ಮ ತೀರಿಕೊಂಡಿದ್ದ. ಸಾವಾದ ಮನೆಯಲ್ಲಿ ಕುಟ್ಟಾಣಿಯ ಸದ್ದು ಕೇಳಬಾರದು. ಆದರೆ ಅತಿಥಿ ಬಂದನೆಂದರೆ ಹಿರಿಯ ಮಗನ ಕೈ ಸುಮ್ಮನಿರದು ಎಂದು ತಾಯಿ ವತ್ಫಾಳಿಗೆ ಗೊತ್ತಿತ್ತು. ಸತ್ತ ಮಗನ ಮೌನ ಕಾಯಲು, ಗಂಟು ಕೋಣೆಗೆ ಹೋಗುವ ಮುನ್ನವೇ ಅವಳು ಧಿಯಾಬ್ ಹಾಕಿದ್ದ ಕಟ್ಟನ್ನು ಬಿಚ್ಚಿ ಮತ್ತೆ ಕಟ್ಟಿ, ಕುಟ್ಟಾಣಿಯನ್ನು ಯಾರ ಕೈಗೂ ಸಿಗದಲ್ಲಿ ಹೂತಿಟ್ಟಿದ್ದಳು. ಅದೇ ವಸಂತದಲ್ಲಿ ಪೂರ್ವದ ಬಯಲಿನಲ್ಲಿ ಅವಳೂ ತೀರಿಕೊಂಡಳು. ಹೇಳಲು ಯಾರೂ ಉಳಿಯಲಿಲ್ಲ.

"ನಿಂತ್ಕೊಂಡು ಏನ್ ನೋಡ್ತೀರಾ ನಾಯಿಫನಪ್ಪಾ?" ಎಂದಳು ಫಿದ್ದಾ. "ಕುದುರೆ ಹತ್ತಿ. ಜನ ಬಯಲಿಗೆ ಹೊರಡೋಕ್ ಮುಂಚೆ ಖುಲೈಫಣ್ಣನ ಗುಡಾರಕ್ಕೆ ಹೋಗಿ ಹೇಳ್ಬಿಟ್ ಬನ್ನಿ."

"ಏನಂತ ಹೇಳ್ಲಿ? ಸೀಮೆಯ ಹಿರಿಯರೆಲ್ಲ ಬಂದು ಕೂತಿದಾರೆ. ನನ್ ಹಗೇವಲ್ಲೇ ಇತ್ತು, ನಾನೇ ನೋಡ್ಲಿಲ್ಲ ಅಂದ್ರೆ ಏನಂದ್ಕೊಳಲ್ಲ?"

"ಕುರುಡ ಅಂದ್ಕೋತಾರೆ. ಇವತ್ತು ಅಷ್ಟೇ ಅನ್ನೋದು. ನಾಳೆ ಬೇರೆ ಏನಾದ್ರೂ ಅಂದಾರು."

ಧಿಯಾಬ್ ಕುಟ್ಟಾಣಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದ. "ಆಣೆನೇ ಬಿಟ್ಕೊಟ್ಬಿಡ್ತೀನಿ. ಅವನು ಗೆರೆಯೊಳಗೆ ನಿಲ್ಲೋದೂ ತಪ್ಪುತ್ತೆ, ನನ್ ಮಾನಾನೂ ಉಳಿಯುತ್ತೆ. ಅಲ್ಲಿಗಲ್ಲಿಗೆ ಸರಿಹೋಯ್ತಲ್ಲ."

ಫಿದ್ದಾ ಚೀಲಕ್ಕೆ ಕಾಳು ತುಂಬಿಕೊಂಡು ಕುದುರೆಗಳ ಕಡೆಗೆ ಹೋದಳು.

ಬಿಸಿಲು ಏರುವ ಹೊತ್ತಿಗೆ ಬಯಲಿನಲ್ಲಿ ಜನ ಸೇರಿದ್ದರು. ಕೊಯ್ದ ಗೋಧಿಯ ಕೂಳೆ, ಕೆಂಪು ಮಣ್ಣು, ನಡುವೆ ಆ ಮುರಿದ ಕಮಾನು. ಬಂದವರು ಮೊದಲು ಅಲ್ಲಿ ಬಿದ್ದವರಿಗಾಗಿ ಫಾತಿಹಾ ಪ್ರಾರ್ಥನೆ ಓದಿದರು. ಆಮೇಲೆ ಮುಫ್ಲಿಹ್ ಕತ್ತಿ ಹಿರಿದು ನೆಲದ ಮೇಲೆ ಗೆರೆ ಎಳೆಯತೊಡಗಿದ. ಖುಲೈಫನ ಚಿಕ್ಕಪ್ಪ ಹಮೂದ್, ಎಂಬತ್ತು ದಾಟಿದರೂ ನಾಲಿಗೆ ಮುಪ್ಪಾಗದವನು, ಕೋಲೂರಿ ನೋಡುತ್ತಿದ್ದ.

"ಸ್ವಲ್ಪ ಅಗಲ ಮಾಡಪ್ಪ ಮುಫ್ಲಿಹ್. ನಮ್ಮ ಹುಡುಗ ಬೆಳಗ್ಗೆ ತುಪ್ಪ ಕುಡಿದು ಬಂದಿದಾನೆ, ಹೊಟ್ಟೆ ಗೆರೆಯಿಂದ ಆಚೆ ಹೋದ್ರೆ ಆಣೆ ಕೆಟ್ಟೀತು."

ನಕ್ಕರು. ಖುಲೈಫನೂ ಸ್ವಲ್ಪ ನಕ್ಕ. ಮಿಂದು, ಒಗೆದ ಬಟ್ಟೆ ಉಟ್ಟು ಬಂದಿದ್ದ. ಮದುವೆಗೆ ಬಂದವನ ಹಾಗೆ ಕಾಣುತ್ತಿದ್ದ. ಅವನು ಚಪ್ಪಲಿ ಕಳಚಿ ಒಂದು ಹೆಜ್ಜೆ ಮುಂದಿಡುವಷ್ಟರಲ್ಲಿ ಧಿಯಾಬ್ ಕೈ ಎತ್ತಿದ.

"ಹಿರಿಯರೇ, ನನ್ನದೊಂದು ಮಾತು. ಜಾಫರ್ ಒಡೆಯರ ಮುಖ ನೋಡಿ ಈ ಆಣೆ ಬಿಟ್ಟುಕೊಟ್ಟಿದೀನಿ. ನಂಗೆ ಖುಲೈಫನಿಂದ ಏನೂ ಬರಬೇಕಾಗಿಲ್ಲ. ಒಂದು ಕುಟ್ಟಾಣಿಗೋಸ್ಕರ ಮುಸಲ್ಮಾನನ ಬಾಯಲ್ಲಿ ದೇವರ ಹೆಸರು ಹೊರಡಿಸಲಾರೆ."

ನಾಲ್ಕೂ ಕಡೆಯಿಂದ ಕೂಗು ಎದ್ದಿತು: "ದೇವರು ನಿನ್ನ ಮುಖ ಬೆಳ್ಳಗೆ ಮಾಡಲಿ!" ಬೇಡಿದ ಆಣೆಯನ್ನು ಬಿಟ್ಟುಕೊಡುವುದಕ್ಕಿಂತ ದೊಡ್ಡ ಔದಾರ್ಯ ಆ ಸೀಮೆಯಲ್ಲಿಲ್ಲ. ಯಾರೋ ತಲೆಯ ಬಿಳಿ ಬಟ್ಟೆ ಬಿಚ್ಚಿ ಕೋಲಿಗೆ ಕಟ್ಟಿದರು. ಮಾನವಂತನ ಮನೆಯ ಮೇಲೆ ಬಿಳಿ ಬಾವುಟ ಏರಿಸುವುದು ಅಲ್ಲಿನ ಪದ್ಧತಿ. ಧಿಯಾಬನ ಮನೆಯವರೆಗೆ ಅದನ್ನು ಹಿಡಿದೇ ಹೋಗೋಣ ಎಂದರು.

ಖುಲೈಫ್ ಮಾತ್ರ ಗೆರೆಯ ಅಂಚಿನಲ್ಲಿ ಬರಿಗಾಲಲ್ಲಿ ನಿಂತಿದ್ದ.

"ನಾನು ಆಣೆ ಹಾಕ್ತೀನಿ," ಎಂದ.

"ಬೇಕಿಲ್ಲಪ್ಪ," ಎಂದ ಮುಫ್ಲಿಹ್. "ಆಣೆ ಕೇಳೋ ಹಕ್ಕು ಅವನದ್ದು. ಅವನು ಬಿಟ್ಟ ಮೇಲೆ ಮುಗೀತು."

"ಅವನಿಗೆ ಮುಗೀತು. ನಂಗೆ? ಕದ್ದವನನ್ನ ಧಿಯಾಬ್ ಕ್ಷಮಿಸಿದ ಅಂತ ತಾನೆ ಜನ ಮನೆಗೆ ತಗೊಂಡು ಹೋಗೋದು?"

"ಯಾರೂ ಹಾಗನ್ನಲ್ಲ."

"ನನ್ನೆದುರಿಗೆ ಅನ್ನಲ್ಲ, ನಿಜ."

ಗೆರೆ ತುಳಿಯಲು ಅವನು ಕಾಲೆತ್ತಿದಾಗ ಮುಫ್ಲಿಹ್ ಕತ್ತಿಯನ್ನು ಅಡ್ಡ ಹಿಡಿದ. ಬಿಟ್ಟುಕೊಟ್ಟ ಆಣೆಯನ್ನು ಹಠದಿಂದ ಹಾಕುವವನು ಕೊಟ್ಟ ಮರ್ಯಾದೆಯನ್ನು ಕಾಲಲ್ಲಿ ಒದ್ದಂತೆ, ಅದೂ ಕಟ್ಟಳೆ. ಬಿಟ್ಟವನ ತಲೆಗೆ ಮುತ್ತಿಟ್ಟು ಋಣ ಒಪ್ಪಿಕೊಳ್ಳುವುದು ಇನ್ನೊಂದು ಕಟ್ಟಳೆ. ಹಿರಿಯರು ಖುಲೈಫನ ಬೆನ್ನಿನ ಮೇಲೆ ಕೈಯಿಟ್ಟು, "ಹೋಗಪ್ಪ, ಹೋಗು, ಹೊತ್ತಾಗುತ್ತೆ," ಎಂದು ಮೆಲ್ಲಗೆ ಮುಂದೆ ತಳ್ಳಿದರು.

ಖುಲೈಫ್ ಬಂದು ಧಿಯಾಬನ ಹಣೆಯ ಮೇಲ್ಗಡೆ ತುಟಿ ಒತ್ತಿದ. ತುಟಿ ಒಣಗಿತ್ತು ಎಂದು ಧಿಯಾಬ್ ಎಷ್ಟೋ ವರ್ಷಗಳ ಮೇಲೆ ಫಿದ್ದಾಳಿಗೆ ಹೇಳಿದನಂತೆ. ಆ ಹೊತ್ತಿನಲ್ಲಿ ಹೇಳಬೇಕಾದ ಮಾತು ಬಾಯಿಗೆ ಬಂದಿತ್ತು, ಆದರೆ ಬಿಳಿ ಬಟ್ಟೆ ಕಟ್ಟಿದ ಕೋಲು ಕಣ್ಣೆದುರಿಗಿತ್ತು. ನುಂಗಿಕೊಂಡ.

ಅಲ್ಲಿಂದ ಎಲ್ಲರೂ ಮಜಾರಿಗೆ ನಡೆದರು. ಬಯಲಿಗೆ ಬಂದವರು ಗೋರಿಗಳಿಗೆ ಸಲಾಮು ಹೇಳದೆ ಮರಳುವುದಿಲ್ಲ. ಬಾವುಟ ಮುಂದೆ, ಅದರ ಹಿಂದೆ ಧಿಯಾಬ್. ಮುದುಕ ಹಮೂದ್ ಅವನ ತೋಳು ಹಿಡಿದುಕೊಂಡ, ಪ್ರೀತಿಯಿಂದಲ್ಲ, ಕಾಲಿಗೆ ಆಸರೆ ಬೇಕಾಗಿತ್ತು. ನಡೆಯುತ್ತ ಅವನು ಎಂದಿನಂತೆ ಯುದ್ಧದ ಮಾತು ತೆಗೆದ. ಆ ಬಯಲಿನಲ್ಲಿ ನಡೆಯುವ ಮುದುಕರಿಗೆ ಬೇರೆ ಮಾತಿಲ್ಲ.

"ಮೊದಲನೇ ದಳವಾಯಿ ಬಿದ್ರು. ಜಾಫರ್ ಒಡೆಯರು ಬಿದ್ರು. ಮೂರನೆಯವರ ಕೈಗೆ ಬಾವುಟ ಬಂತು. ಅವರು ಕಾಳಗಕ್ಕೆ ಕುದುರೆ ಇಳಿಯೋಕ್ ಮುಂಚೆ ಒಂದ್ ಗಳಿಗೆ ಹಿಂದೆಮುಂದೆ ನೋಡಿ ತಡೆದರಂತೆ. ಗೊತ್ತಾ ನಿಂಗೆ?"

"ಕೇಳಿದೀನಿ ಚಿಕ್ಕಪ್ಪ."

"ಅಂಥವರೇ ತಡೆದರು ಅಂದ್ರೆ ನೋಡು."

"ಆಮೇಲೆ?"

"ಆಮೇಲೇನು, ಇಳಿದ್ರು. ಇಳೀದೆ ಇದ್ದಿದ್ರೆ ಅವರ ಗೋರಿಗೆ ನಾವ್ಯಾಕೆ ಹೋಗ್ತಿದ್ವಿ?" ಹಮೂದ್ ಕೆಮ್ಮಿದ. "ನಿಧಾನ ನಡಿಯೋ. ನಿಂಗೆ ಬಾವುಟ ಸಿಕ್ಕಿದೆ ಅಂತ ನಂಗೆ ಕಾಲು ಹೊಸದಾಗಿಲ್ಲ."

ಮಜಾರಿನಲ್ಲಿ ಮಧ್ಯಾಹ್ನದ ನಮಾಜು ಮುಗಿಸಿ ಜನ ಗೋರಿಯ ಬಾಗಿಲಿನಿಂದ ಹೊರಗೆ ಬರುವಾಗ ಪಕ್ಕದ ಕೋಣೆಯ ಮುಂದೆ ಖುಲೈಫನ ಕತ್ತೆ ನಿಂತಿತ್ತು. ಅವನು ಒಳಗಿನಿಂದ ತನ್ನ ನೇಗಿಲು, ನೊಗ, ಬೀಜದ ಚೀಲ, ಸುತ್ತಿದ ಗುಡಾರದ ಪಟ್ಟಿ ಒಂದೊಂದಾಗಿ ತಂದು ಕತ್ತೆಯ ಮೇಲೆ ಹೇರುತ್ತಿದ್ದ.

"ಮಳೆ ಇನ್ನೂ ಎಲ್ಲೋ ಇದೆ," ಎಂದ ಮುಫ್ಲಿಹ್. "ಈಗ್ಯಾಕೆ ನೇಗಿಲು?"

"ಉಳೋಕಲ್ಲ. ಮನೆಗೆ."

"ಮನೆಗ್ಯಾಕೆ? ನಿಮ್ಮಪ್ಪನ ಕಾಲದಿಂದ ಇಲ್ಲೇ ಇಡ್ತಿದ್ರಲ್ಲ."

"ಇಡ್ತಿದ್ವಿ. ಇನ್ ಮೇಲೆ ಈ ಕೋಣೆಗೆ ಕಾಲಿಡೋ ಮುಖ ನಂಗಿಲ್ಲ. ನಾಳೆ ಯಾರದೋ ಒಂದು ಗೂಟ ಕಾಣೆ ಆಗುತ್ತೆ. ಒಳಗೆ ಬಂದವರು ಯಾರು ಅಂತ ಕೇಳ್ತಾರೆ." ಹಗ್ಗ ಬಿಗಿದ. "ಆಗಲೂ ಯಾರಾದ್ರೂ ಆಣೆ ಬಿಟ್ಟುಕೊಡ್ತಾರೆ."

ಅವನು ಇದನ್ನು ಯಾರಿಗೂ ಕುಟುಕಲು ಹೇಳಲಿಲ್ಲ. ಹೊರೆ ಯಾವ ಕಡೆ ವಾಲುತ್ತದೆ ಎಂದು ನೋಡುತ್ತಲೇ ಹೇಳಿದ. ಅವನ ಅಪ್ಪ, ಅಜ್ಜ ಎಲ್ಲರೂ ವಸ್ತು ಇಟ್ಟು ಸವೆದಿದ್ದ ಮೂಲೆ ಆ ಕೋಣೆಯಲ್ಲಿ ಖಾಲಿ ಕಾಣುತ್ತಿತ್ತು. ಧಿಯಾಬ್ ಅದನ್ನು ಬಾಗಿಲಿನಿಂದ ನೋಡಿದ.

"ಕುಟ್ಟಾಣಿ ನನ್ನ ಹಗೇವಿನಲ್ಲಿದೆ," ಎಂದ.

ಎಲ್ಲರೂ ತಿರುಗಿದರು.

"ನಮ್ಮಮ್ಮ ಇಟ್ಟಿದ್ಲು. ತಮ್ಮ ಸತ್ತಾಗ. ಯಾರಿಗೂ ಹೇಳಿರಲಿಲ್ಲ."

ಕೆಲವರು ನಿಟ್ಟುಸಿರು ಬಿಟ್ಟರು. ಒಬ್ಬ, "ದೇವರ ದಯೆ, ಸಿಕ್ಕಿತಲ್ಲ, ಎಲ್ಲರೂ ಶುದ್ಧರಾದ್ರು," ಎಂದ. ಮುಫ್ಲಿಹ್ ಮಾತ್ರ ಗಡ್ಡ ಹಿಡಿದುಕೊಂಡು ನಿಂತಿದ್ದ. ಅರವತ್ತು ವರ್ಷ ನ್ಯಾಯ ಹೇಳಿದವನು.

"ಯಾವಾಗ ಸಿಕ್ತು?"

ಧಿಯಾಬ್ ತಲೆಯ ಬಟ್ಟೆ ಸರಿಮಾಡಿಕೊಂಡ.

"ಗೆರೆ ಎಳೆಯೋ ಮುಂಚೆಯೋ, ಆಮೇಲೋ?"

"ಮುಂಚೆ. ಮುಂಜಾನೆ."

ನಿಟ್ಟುಸಿರು ಬಿಟ್ಟವರು ಈಗ ನೆಲ ನೋಡಿದರು. ಕೋಲು ಹಿಡಿದಿದ್ದವನು ಅದನ್ನು ಮೆಲ್ಲಗೆ ಕೆಳಗಿಳಿಸಿ, ಬಿಳಿ ಬಟ್ಟೆ ಬಿಚ್ಚಿ, ಮಡಿಸಿ, ತನ್ನ ಎದೆಯೊಳಗೆ ಇಟ್ಟುಕೊಂಡ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮನುಷ್ಯ ಬಟ್ಟೆಯನ್ನು ಅಷ್ಟು ಜೋಪಾನವಾಗಿ ಮಡಿಸಿದ್ದನ್ನು ತಡೆದುಕೊಳ್ಳಲಾಗಲಿಲ್ಲ ಎಂದು ಧಿಯಾಬ್ ಹೇಳುತ್ತಿದ್ದನಂತೆ.

ಧಿಯಾಬ್ ಖುಲೈಫನ ಬಳಿಗೆ ಹೋಗಿ ತಲೆಗೆ ಮುತ್ತಿಡಲು ಬಗ್ಗಿದ. ಖುಲೈಫ್ ಕತ್ತೆಯ ಆ ಕಡೆಗೆ ಸರಿದ.

"ಇಲ್ಲಿ ಬೇಡ. ನನ್ನ ಮುತ್ತು ನೀನು ಬಯಲಲ್ಲಿ ತಗೊಂಡೆ."

"ಬಯಲಿಗೇ ಬರ್ತೀನಿ."

"ಬಾ. ಗೆರೆ ಇನ್ನೂ ಅಳಿಸಿರಲ್ಲ."

ಬಂದ ದಾರಿಯಲ್ಲೇ ಎಲ್ಲರೂ ಮರಳಿ ನಡೆದರು. ದಾರಿ ಧಿಯಾಬನ ಮನೆಯ ಪಕ್ಕದಲ್ಲೇ ಹೋಗುತ್ತದೆ. ಅಂಗಳದಲ್ಲಿ ಹಾಸು ಹಾಸಿತ್ತು. ಕಡಾಯಿಯಲ್ಲಿ ಮೊಸರುಗಟ್ಟಿಯೊಡನೆ ಬೇಯುತ್ತಿದ್ದ ಕುರಿಮಾಂಸದ ವಾಸನೆ ದಾರಿಗೆ ಬಡಿಯುತ್ತಿತ್ತು. ಒಬ್ಬರೂ ಆ ಕಡೆ ತಿರುಗಲಿಲ್ಲ. ಫಿದ್ದಾ ಬಾಗಿಲಲ್ಲಿ ನಿಂತು ಬಾವುಟವಿಲ್ಲದ ಮೆರವಣಿಗೆಯನ್ನು ನೋಡಿದಳು, ಗಂಡನ ಮುಖವನ್ನೂ ನೋಡಿದಳು, ಒಳಗೆ ಹೋಗಿ ಕಡಾಯಿಯ ಕೆಳಗಿನ ಬೆಂಕಿ ಹೊರಕ್ಕೆ ಎಳೆದಳು. ಅತಿಥಿಗಳು ಮನೆ ದಾಟಿ ಹೋಗುವುದನ್ನು ಧಿಯಾಬ್ ಅದುವರೆಗೆ ಕಂಡವನಲ್ಲ. ಅವರ ನಡುವೆ ತಾನೂ ತನ್ನ ಮನೆಯನ್ನು ದಾಟಿ ಹೋದ.

ಗೆರೆ ಹಾಗೆಯೇ ಇತ್ತು. ಚಪ್ಪಲಿ ಕಳಚಿ ಧಿಯಾಬ್ ಒಳಗೆ ನಿಂತ. ಅವನ ಜೊತೆ ನುಡಿ ಕೂಡಿಸಲು ಅವನ ದೊಡ್ಡ ಬಳಗದಿಂದ ಯಾರೂ ಮುಂದೆ ಬರಲಿಲ್ಲ. ಯಾರೂ ಬರುವ ಅಗತ್ಯವಿಲ್ಲ ಎಂದು ಮುಫ್ಲಿಹ್ ಹೇಳಿದ. ಅದು ಅವನು ತೋರಿದ ದಯೆ.

"ದೇವರ ಮೇಲಾಣೆ, ಖುಲೈಫನ ಕೈ ಶುದ್ಧ, ಮನೆ ಶುದ್ಧ. ಸುಳ್ಳು ನಂದು," ಎಂದ ಧಿಯಾಬ್.

"ಅಷ್ಟು ಸಾಲದು," ಎಂದ ಖುಲೈಫ್. "ನನ್ನ ವಿಷಯ ಮಾತಾಡಿದ ಪ್ರತಿ ಮನೆಗೂ ಹೋಗಿ ಹೇಳ್ಬೇಕು. ಸಿಕ್ತು ಅಂತ ಮಾತ್ರ ಅಲ್ಲ. ಯಾವಾಗ ಸಿಕ್ತು ಅಂತಾನೂ."

"ಹೇಳ್ತೀನಿ."

ಈಗ ಬೇಡಿದವನು ಖುಲೈಫ್. ಹೊರಗೆ ಕರೆಯಬೇಕಾದವನೂ ಅವನೇ. ಅವನು ಕರೆಯಲಿಲ್ಲ. ಕತ್ತೆಯ ಬಳಿಗೆ ಹೋಗಿ ಸಡಿಲವಾದ ಹೊರೆ ಬಿಚ್ಚಿ ಮತ್ತೆ ಕಟ್ಟತೊಡಗಿದ. ಕಮಾನಿನ ನೆರಳು ಗೆರೆಯ ಮೇಲೆ ಬಂದು, ಆಚೆಗೂ ಸರಿಯಿತು. ಜನ ಕುಳಿತರು. ಧಿಯಾಬ್ ತಲೆ ತಗ್ಗಿಸಿ ನಿಂತೇ ಇದ್ದ. ಕಾಲ ಕೆಳಗೆ ಗೋಧಿಯ ಕೂಳೆ ಚುಚ್ಚುತ್ತಿತ್ತು. ಅವನನ್ನು ಹೊಗಳಿದ್ದವರೆಲ್ಲ ಅಲ್ಲೇ ಇದ್ದರು. ಯಾರ ಕಣ್ಣೂ ಅವನ ಕಣ್ಣಿಗೆ ಸಿಗಲಿಲ್ಲ.

ಕೊನೆಗೆ ಹಮೂದನೇ ಗೊಣಗಿದ. "ಖುಲೈಫಾ, ಅವನನ್ನ ಅಲ್ಲೇ ನೆಟ್ಟು ಬೆಳೆ ತೆಗೀತೀಯೇನೋ?"

"ನಾನು ನಿಂತಿದ್ದಾಗ ನೀವೆಲ್ಲ ಮುತ್ತು ಕೊಡು ಹೋಗು ಅಂದ್ರಿ, ಚಿಕ್ಕಪ್ಪ. ನೀನೂ ಅಂದೆ."

ಮುದುಕ ತಲೆಯ ಬಟ್ಟೆಯ ತುದಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಕುಳಿತ.

ದೂರದ ಊರಿನಿಂದ ಅಸರ್ ಬಾಂಗಿನ ದನಿ ತೆಳ್ಳಗೆ ಬಂತು. ಖುಲೈಫ್ ಹಗ್ಗದ ತುದಿ ಸಿಕ್ಕಿಸಿ ತಿರುಗಿದ.

"ಹೊರಗೆ ಬಾ," ಎಂದ. "ನಮಾಜಿನ ಹೊತ್ತು ನಿನ್ನಿಂದ ಮೀರೋದು ಬೇಡ."

ಧಿಯಾಬ್ ಹೊರಗೆ ಬಂದು ಅವನ ತಲೆಗೆ ಮುತ್ತಿಟ್ಟ. ಖುಲೈಫ್ ಈ ಸಲ ಸರಿಯಲಿಲ್ಲ, ಬಗ್ಗಲೂ ಇಲ್ಲ. ಗಿಡ್ಡನಾದ ಧಿಯಾಬ್ ತುದಿಗಾಲಲ್ಲಿ ನಿಲ್ಲಬೇಕಾಯಿತು. ಆಮೇಲೆ ಎಲ್ಲರೂ ಸಾಲಾಗಿ ನಿಂತು ಬಯಲಿನಲ್ಲೇ ನಮಾಜು ಮಾಡಿದರು.

ಆ ಚಳಿಗಾಲವೆಲ್ಲ ಧಿಯಾಬ್ ಮನೆಯಿಂದ ಮನೆಗೆ, ಗುಡಾರದಿಂದ ಗುಡಾರಕ್ಕೆ ಹೋದ. ಬಾಗಿಲ ಬಳಿಯೇ ನಿಂತು ಹೇಳುತ್ತಿದ್ದ. ಪ್ರತಿಯೊಂದು ಮನೆಯಲ್ಲೂ ಮೊದಲರ್ಧ ಕೇಳಿ ಜನ, "ಆಗಲಿ ಬಿಡಪ್ಪ, ಮರೆವು ಯಾರಿಗಿಲ್ಲ, ಒಳಗೆ ಬಾ," ಎಂದು ದಾರಿ ಬಿಡುತ್ತಿದ್ದರು. ಆಗ ಅವನು ಉಳಿದರ್ಧವನ್ನು ಹೇಳಬೇಕಾಗುತ್ತಿತ್ತು.

ಖುಲೈಫನ ಮಗಳ ಮದುವೆ ಆಯಿತು. ಅವನ ನೇಗಿಲು ಮರುವರ್ಷ ಗೋರಿಯ ಪಕ್ಕದ ಕೋಣೆಗೆ ಮರಳಿತು, ಅದೇ ಮೂಲೆಗೆ.

ನೌಫಾ ಇಲ್ಲಿಗೆ ನಿಲ್ಲಿಸಿ ಮೊರದಲ್ಲಿ ಉಳಿದ ಕಲ್ಲುಗಳನ್ನು ಬೆರಳಿನಿಂದ ಒಂದು ಕಡೆಗೆ ತಳ್ಳಿದಳು. ಹೆಂಗಸರಲ್ಲಿ ಒಬ್ಬಳು ಕೇಳಿದಳು:

"ಅಲ್ಲ ನೌಫಕ್ಕಾ, ಖುಲೈಫ್ ಆಮೇಲೆ ನಿಮ್ಮನೆ ಕಾಫಿ ಕುಡಿದನಾ?"

"ಮಾವ ಕೇಳ್ತಾನೇ ಇದ್ರು. ಹಬ್ಬ ಬಂದಾಗೆಲ್ಲ ಹೋಗಿ ಕರೆಯೋರು. ಅವನು ಬಾಗಿಲಿಗೆ ಬಂದು, ನಗ್ತಾ ಮಾತಾಡಿ, ಇವತ್ತು ಸ್ವಲ್ಪ ಕೆಲಸ ಇದೆ ಅನ್ನೋನು."

"ಕೊನೆವರೆಗೂ?"

"ಮಾವನ ಕೊನೆವರೆಗೂ."

ಸಂಜೆಯ ಮಗ್‌ರಿಬಿನ ಬಾಂಗಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಆದರೂ ಒಬ್ಬಳು ಒಲೆ ಹಚ್ಚಬೇಕೆಂದಳು, ಇನ್ನೊಬ್ಬಳು ಕೋಳಿ ಕೂಡಿಹಾಕಬೇಕೆಂದಳು. ಆರಿಸಿದ ಬೇಳೆಯನ್ನು ನೌಫಾಳ ಚೀಲಕ್ಕೆ ಸುರಿದು, ಲಂಗದ ಧೂಳು ಕೊಡವಿಕೊಂಡು, ಮೊರಗಳನ್ನು ಕಂಕುಳಲ್ಲಿ ಇರಿಸಿ ಅವರು ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಮನೆಗೆ ಹೋದರು.